ಯೂರಿ ಎಗೊರೊವ್: ಏಳು ಸಿ.ಡಿ.ಗಳಲ್ಲಿ ಉಳಿದ ನಾದ

ಪಿಯಾನೊ ಸಂಗೀತವನ್ನು ಪ್ರೀತಿಯಿಂದ ಕೇಳುವವರಲ್ಲೂ ಎಷ್ಟೋ ಜನರಿಗೆ ಪಿಯಾನೊ ವಾದಕ ಯೂರಿ ಎಗೊರೊವ್ ಅವರ ಹೆಸರು ಗೊತ್ತಿರುವುದಿಲ್ಲ. ಇಎಂಐ ಸಂಸ್ಥೆ ಅವರ ಧ್ವನಿಮುದ್ರಣಗಳನ್ನು ‘ದಿ ಮಾಸ್ಟರ್ ಪಿಯಾನಿಸ್ಟ್’ ಎಂಬ ಹೆಸರಿನಲ್ಲಿ ಏಳು ಸಿ.ಡಿ.ಗಳ ಸಂಪುಟವಾಗಿ ಹೊರತಂದಿದೆ. ಕೆಲವು ವಾರಗಳಿಂದ ಅದನ್ನೇ ಮತ್ತೆ ಮತ್ತೆ ಕೇಳುತ್ತಿರುವ ನನಗೆ, ಇಂಥ ಕಲಾವಿದನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವಲ್ಲ ಎಂಬ ಕೊರಗು ಹೆಚ್ಚುತ್ತಲೇ ಇದೆ.

1954ರಲ್ಲಿ ರಷ್ಯಾದ ಕಜಾನ್‌ನಲ್ಲಿ ಹುಟ್ಟಿ, ಮಾಸ್ಕೋ ಕನ್ಸರ್ವೇಟರಿ ಎಂಬ ಸಂಗೀತ ವಿದ್ಯಾಲಯದಲ್ಲಿ ಯಾಕೊವ್ ಜಾಕ್ ಅವರ ಶಿಷ್ಯರಾಗಿದ್ದ ಎಗೊರೊವ್, 1976ರಲ್ಲಿ ಇಟಲಿಗೆ ಕಛೇರಿಗೆಂದು ಹೋದಾಗ ಸೋವಿಯತ್ ಒಕ್ಕೂಟವನ್ನು ತೊರೆದು, ಮುಂದೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದರು. ಮರುವರ್ಷ ಅಮೆರಿಕದ ವಾನ್ ಕ್ಲೈಬರ್ನ್ ಪಿಯಾನೊ ಸ್ಪರ್ಧೆಯಲ್ಲಿ ತೀರ್ಪುಗಾರರು ಅವರನ್ನು ಅಂತಿಮ ಸುತ್ತಿಗೆ ಆರಿಸಲಿಲ್ಲ. ಆ ತೀರ್ಪನ್ನು ಒಪ್ಪದ ಅಭಿಮಾನಿಗಳು ಮೊದಲ ಬಹುಮಾನಕ್ಕೆ ಸಮನಾದ 10,000 ಡಾಲರ್ ಕೂಡಿಸಿ ಕೊಟ್ಟರು. 1978ರಲ್ಲಿ ಅವರು ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದರು. 1988ರ ಏಪ್ರಿಲ್‌ನಲ್ಲಿ, ಏಡ್ಸ್ ಕಾಯಿಲೆಯಿಂದ ಬಳಲಿ ತೀರಿಕೊಂಡಾಗ ಅವರಿಗೆ 33 ವರ್ಷ.

ಸಂಪುಟದ ಜೀವಾಳವೆಂದರೆ ಫ್ರೆಂಚ್ ಸಂಗೀತಕಾರ ಡೆಬುಸ್ಸಿಯ ‘ಪ್ರೆಲ್ಯೂಡ್’ಗಳು, ಅಂದರೆ ಪಿಯಾನೊಗೆಂದು ಬರೆದ ಕಿರುಕೃತಿಗಳು. ಹಿಮದ ಮೇಲಿನ ಹೆಜ್ಜೆಗಳನ್ನು ಕುರಿತ ಆರನೆಯ ಪ್ರೆಲ್ಯೂಡ್‌ನಲ್ಲಿ ಒಂದು ಸ್ವರ ಪಕ್ಕದ ಸ್ವರಕ್ಕೆ ಏರಿ ನಿಲ್ಲುತ್ತದೆ, ಮತ್ತೆ ಅಲ್ಲಿಂದ ಇನ್ನೊಂದಕ್ಕೆ ಏರಿ ನಿಲ್ಲುತ್ತದೆ. ಕೃತಿಯ ಬಹುಭಾಗ ಈ ತಡವರಿಕೆಯ ಮೇಲೆಯೇ ನಿಂತಿದೆ. ಎಗೊರೊವ್ ಆ ಹೆಜ್ಜೆಯನ್ನು ಒಂದು ಸಲ ಇಟ್ಟಂತೆ ಮತ್ತೊಂದು ಸಲ ಇಡುವುದಿಲ್ಲ. ಒಮ್ಮೆ ಬೆರಳಿನ ಭಾರ ಕೂದಲೆಳೆಯಷ್ಟು ಹೆಚ್ಚುತ್ತದೆ, ಒಮ್ಮೆ ಎರಡನೆಯ ಸ್ವರ ಬರುವುದೋ ಇಲ್ಲವೋ ಎನ್ನುವಷ್ಟು ತಡವಾಗುತ್ತದೆ, ಆದರೂ ಲಯ ಎಲ್ಲೂ ಸಡಿಲವಾಗುವುದಿಲ್ಲ. ಇಷ್ಟು ಮೆಲುದನಿಯಲ್ಲಿ ನುಡಿಸುವಾಗಲೂ ಪ್ರತಿಯೊಂದು ಸ್ವರಕ್ಕೆ ಮೈದುಂಬಿದ ನಾದವಿರುವುದೇ ಅವರ ವಾದನದ ಹೆಚ್ಚುಗಾರಿಕೆ ಎಂದು ನನಗನಿಸುತ್ತದೆ.

ಶೋಪಾನ್‌ನ 24 ‘ಎಟ್ಯೂಡ್’ಗಳಲ್ಲಿಯೂ, ಅಂದರೆ ವಾದನದ ಅಭ್ಯಾಸಕ್ಕೆಂದು ರಚಿಸಿದ ಕೃತಿಗಳಲ್ಲಿಯೂ, ಇದೇ ಗುಣ ಕಾಣುತ್ತದೆ. ಬೆರಳುಗಳ ವೇಗವನ್ನು ಮೆರೆಸಲು ಬೇಕಾದಷ್ಟು ಅವಕಾಶವಿರುವ ಈ ಕೃತಿಗಳಲ್ಲಿ ವೇಗವೇನೂ ಕಡಿಮೆಯಿಲ್ಲ, ಆದರೆ ಕಿವಿ ಅದರ ಕಡೆಗೆ ಹೋಗುವುದಿಲ್ಲ. ಓಪಸ್ 25 ಎಂಬ ಗುಚ್ಛದ ಏಳನೆಯದನ್ನು ಕೇಳಿ: ಎಡಗೈ ಮಂದ್ರದಲ್ಲಿ ಒಂಟಿಯಾಗಿ ಹಾಡತೊಡಗುತ್ತದೆ, ಬಲಗೈ ಬಂದು ಸೇರಿದ ಮೇಲೂ ಎಗೊರೊವ್ ಆ ಹಾಡನ್ನು ಮುಚ್ಚಿಹೋಗಲು ಬಿಡುವುದಿಲ್ಲ.

ಶೂಮನ್‌ನ ‘ಕಾರ್ನವಾಲ್’ ಲವಲವಿಕೆಯಿಂದ ಕೂಡಿದೆ. ವೋಲ್ಫ್‌ಗಾಂಗ್ ಸವಾಲಿಷ್ ಅವರ ನಿರ್ದೇಶನದಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ನುಡಿಸಿದ ಮೊಜಾರ್ಟ್ ಕನ್ಸರ್ಟೊಗಳು (ಪಿಯಾನೊ ಮತ್ತು ವಾದ್ಯವೃಂದಕ್ಕೆಂದು ಬರೆದ ಕೃತಿಗಳು) ಹಿತವಾಗಿವೆ. ಅದೇ ವೃಂದದ ಜೊತೆಗಿನ ಬೀಥೋವನ್‌ನ ‘ಎಂಪರರ್’ ಕನ್ಸರ್ಟೊ ಮಾತ್ರ ನನ್ನನ್ನು ಅಷ್ಟಾಗಿ ತಟ್ಟಲಿಲ್ಲ. ಅದರ ನಿಧಾನಗತಿಯ ನಡುಭಾಗ ಮನಸ್ಸಿನಲ್ಲಿ ಉಳಿಯಿತು, ಮೊದಲ ಭಾಗಕ್ಕೆ ಇನ್ನಷ್ಟು ಗತ್ತು ಬೇಕಿತ್ತು.

ಹೊಸದಾಗಿ ಕೇಳುವವರು ಡೆಬುಸ್ಸಿಯಿಂದಲೇ ತೊಡಗಲಿ. ಆರಂಭ ತೀರಾ ಮೆಲ್ಲಗಿದೆಯೆಂದು ಧ್ವನಿಯನ್ನು ಏರಿಸದೆ, ಕೋಣೆಯ ಬೇರೆ ಸದ್ದುಗಳನ್ನೆಲ್ಲ ನಿಲ್ಲಿಸಿ ಕೇಳಬೇಕೆಂದು ವಿನಂತಿಸುತ್ತೇನೆ.