ಆರತಕ್ಷತೆಯಲ್ಲಿ ಮಕ್ಕಳಿಗೆ ಗಾಳಿಕೋಟೆಯೋ, ಚೌಕಾಬಾರವೋ?

ಒಂದೇ ವರ್ಷದಲ್ಲಿ ಮನೆಯಲ್ಲಿ ಎರಡು ಮದುವೆ. ತಮ್ಮನ ಆರತಕ್ಷತೆಗೆ ಮಕ್ಕಳು ಒಳಗೆ ಕುಣಿಯಲಿ ಅಂತ ಗಾಳಿ ತುಂಬಿ ನಿಲ್ಲಿಸುವ ಗಾಳಿಕೋಟೆ ಬಾಡಿಗೆಗೆ ತಂದೆ, 5,500 ರೂಪಾಯಿ. ನಾದಿನಿಯದಕ್ಕೆ ಚೌಕಾಬಾರ ಆಡಿಸಲು ಒಂದು ಡಬ್ಬ ಸೀಮೆಸುಣ್ಣ, ಹದಿನಾರು ಕವಡೆ. 200 ದಾಟಲಿಲ್ಲ. ಈಗ ಯಾರು ಕೇಳಿದರೂ ಸೀಮೆಸುಣ್ಣ ಅಂತಲೇ ಹೇಳುತ್ತೇನೆ.

ಕಾರಣ ಕೋಟೆಗೆ ಗಾಳಿ ಊದುವ ಆ ಬ್ಲೋವರ್. ಗಾಳಿಕೋಟೆಗೆ ಸೈಕಲ್ ಟ್ಯೂಬಿನ ಹಾಗೆ ಒಮ್ಮೆ ಗಾಳಿ ತುಂಬಿದರೆ ಮುಗಿಯುವುದಿಲ್ಲ. ಹೊಲಿಗೆಯ ಸಂದಿಯಲ್ಲಿ ಸೋರುತ್ತಲೇ ಇರುತ್ತದೆ, ಮೋಟಾರು ಕೊನೆತನಕ ಓಡುತ್ತಲೇ ಇರಬೇಕು. ಛತ್ರದ ಅಂಗಳದಲ್ಲಿ ಪ್ಲಗ್ ಇರಲಿಲ್ಲ, ಅಡುಗೆಮನೆಯಿಂದ ವೈರ್ ಎಳೆದೆವು.

ಏಳೂವರೆಗೆ ಕರೆಂಟ್ ಹೋಯಿತು. ಜನರೇಟರ್ ಗುಡುಗಿತು, ವೇದಿಕೆ ಬೆಳಗಿತು, ಆರ್ಕೆಸ್ಟ್ರಾ ನಿಂತಲ್ಲಿಂದಲೇ ಎತ್ತಿಕೊಂಡಿತು. ಅಡುಗೆಮನೆಯ ಆ ಪ್ಲಗ್ಗಿಗೆ ಮಾತ್ರ ಜನರೇಟರ್ ಲೈನೇ ಇಲ್ಲ! ಕೋಟೆಯ ಬುರುಜುಗಳು ಮೊದಲು ತಲೆ ಬಾಗಿಸಿದವು, ಆಮೇಲೆ ಗೋಡೆ ಕೂತಿತು. ಒಳಗೆ ಏಳು ಮಕ್ಕಳು. ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿ ನಾನೇ ನುಗ್ಗಿ ಒಬ್ಬೊಬ್ಬರನ್ನಾಗಿ ಎತ್ತಿ ತಂದೆ. ಯಾರಿಗೂ ಏನೂ ಆಗಲಿಲ್ಲ. ಮಕ್ಕಳಂತೂ ಇನ್ನೊಂದ್ಸಲ ಅಂತ ಕುಣಿದರು. ಅವರ ಅಮ್ಮಂದಿರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಬಾಡಿಗೆ ಪೂರ್ತಿ ಕೊಟ್ಟೆ. ಕರೆಂಟಿಗೆ ಬಾಡಿಗೆ ಕೊಟ್ಟವರೇನು ಮಾಡಿಯಾರು?

ಊಟ ಮುಗಿಸಿ ಹತ್ತಿದ ಹುಡುಗನೊಬ್ಬ ಒಳಗೇ ಹೋಳಿಗೆ ವಾಪಸ್ ಕೊಟ್ಟದ್ದು ಬೇರೆ ಕಥೆ.

ಮ್ಯಾಜಿಕ್‌ನವರು ಅರ್ಧ ಗಂಟೆಗೆ ಚೆನ್ನ, ಅದೂ ಆರ್ಕೆಸ್ಟ್ರಾ ಸುಮ್ಮನಿದ್ದರೆ. ಮೊಬೈಲ್ ಲೆಕ್ಕಕ್ಕಿಲ್ಲ.

ನಾದಿನಿಯ ಆರತಕ್ಷತೆಯಲ್ಲಿ ಊಟದ ಹಾಲಿನ ಮೆಟ್ಟಿಲ ಪಕ್ಕ ಐದೈದು ಮನೆಯ ನಾಲ್ಕು ಪಟ ಬರೆದೆ. ಕಾಯಿಗೆ ಹುಣಸೆಬೀಜ, ಅಂಗಿ ಗುಂಡಿ, ಅವು ಸಾಲದೆ ತಾಂಬೂಲದ ಅಡಿಕೆ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ಬೋರಲಾದರೆ ಬಾರ, ಎರಡಕ್ಕೂ ಮತ್ತೊಂದಾಟ ಅಂತ ಹೇಳಿಕೊಟ್ಟೆ. ಹತ್ತೇ ನಿಮಿಷಕ್ಕೆ ಜಗಳ. ಕಟ್ಟೆಯಲ್ಲಿ, ಅಂದರೆ ಹೊಡೆಯಬಾರದ ಮನೆಯಲ್ಲಿ, ಇದ್ದ ಕಾಯಿ ಹೊಡೆದದ್ದು ಸರಿಯೋ ತಪ್ಪೋ ಅಂತ ತೀರ್ಪು ಹೇಳಲು ಅಜ್ಜಿಯೊಬ್ಬರು ಕುರ್ಚಿ ಎಳೆದುಕೊಂಡು ಬಂದರು, ಕೊನೆಗೆ ಕೆಳಗಿಳಿದು ತಾವೇ ಆಡಿ ಎರಡು ಕಾಯಿ ನಡುಮನೆಗೆ ಮುಟ್ಟಿಸಿ ಹಣ್ಣು ಮಾಡಿದರು.

ಕುಂದಿಲ್ಲವೆಂದಲ್ಲ. ಲಂಗದ ಅಂಚು ಸವರಿ ಗೆರೆ ಅಳಿಸಿ ಮೂರು ಸಲ ಬರೆದೆ. ಪುಟಾಣಿಗಳು ಕವಡೆ, ಬೀಜ ಬಾಯಿಗಿಡುತ್ತವೆ. ಅವಕ್ಕೆ ಮನೆಯಲ್ಲಿದ್ದ ಚನ್ನಪಟ್ಟಣದ ಬಳೆ ಪೋಣಿಸುವ ಗೊಂಬೆಯನ್ನೇ ತಂದು ದೂರದಲ್ಲಿ ಕೂರಿಸಿದ್ದೆ. ದೊಡ್ಡವರೊಬ್ಬರು ಅಲ್ಲೇ ಇರಲೇಬೇಕು. ನನಗದು ಹೊರೆಯಲ್ಲ. ಉಡುಗೊರೆ ಕವರ್ ಹಿಡಿದು ಮುಕ್ಕಾಲು ಗಂಟೆ ಸಾಲಲ್ಲಿ ನಿಲ್ಲುವುದಕ್ಕಿಂತ ನೆಲದ ಮೇಲೆ ಕೂರುವುದೇ ಸುಖ. ನಿಮಗೆ ಕೂರಲಾಗದಿದ್ದರೆ, ಅಂಗಳ ದೊಡ್ಡದಿದ್ದರೆ, ಪ್ಲಗ್ಗಿಗೆ ಜನರೇಟರ್ ಲೈನ್ ಇದ್ದರೆ, ಗಾಳಿಕೋಟೆ ತರಿಸಿ.

ನಾದಿನಿಯ ಆಲ್ಬಮ್ಮಿನಲ್ಲಿ ವೇದಿಕೆಯ ಮೇಲೆ ನಾನಿರುವ ಒಂದು ಫೋಟೊವೂ ಇಲ್ಲ. ಅದಕ್ಕೆ ಮನೆಯಲ್ಲಿ ಇವತ್ತಿಗೂ ಮಾತು ಕೇಳುತ್ತಿದ್ದೇನೆ.