ಹೆಸರಿಲ್ಲದ ಹಳೆಯ ವಿಡಿಯೊ ಕಾರ್ಡ್: ಕನೆಕ್ಟರ್‌ಗಳು ಹೇಳುವುದೇನು?

ತಯಾರಕರ ಹೆಸರಾಗಲಿ ಮಾದರಿ ಸಂಖ್ಯೆಯಾಗಲಿ ಇಲ್ಲದ, 8 ಬಿಟ್ ಐಎಸ್‌ಎ ಸ್ಲಾಟಿಗೆ (ಹಳೆಯ ಪಿಸಿಗಳಲ್ಲಿ ಹೆಚ್ಚುವರಿ ಕಾರ್ಡ್ ಸಿಕ್ಕಿಸುವ ಜಾಗ) ಹೊಂದುವ ಈ ಕಾರ್ಡಿನ ಗುರುತು ಅದರ ಕನೆಕ್ಟರ್‌ಗಳಲ್ಲಿಯೇ ಇದೆ. ಹಿಂಬದಿಯ 9 ಪಿನ್‌ಗಳ ಸಾಕೆಟ್ ಒಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಐಬಿಎಂನ ಹಳೆಯ ವಿಡಿಯೊ ಕಾರ್ಡ್‌ಗಳಾದ ಎಂಡಿಎ (ಏಕವರ್ಣದ್ದು), ಸಿಜಿಎ (ಬಣ್ಣದ್ದು), ಇಜಿಎ (ಹೆಚ್ಚು ಬಣ್ಣಗಳದ್ದು) ಮೂರರಲ್ಲಿಯೂ ಇದೇ ಆಕಾರದ ಸಾಕೆಟ್ ಇತ್ತು. 15 ಪಿನ್‌ಗಳದ್ದು ಬಂದದ್ದು 1987ರಲ್ಲಿ, ಅವುಗಳ ನಂತರದ ವಿಜಿಎ ಜೊತೆಗೆ.

ಸಾಕೆಟ್ಟಿನ ಪಕ್ಕದಲ್ಲಿ ಕಾಂಪೋಸಿಟ್ ವಿಡಿಯೊಗಾಗಿ (ಇಡೀ ಚಿತ್ರ ಒಂದೇ ಸಂಕೇತವಾಗಿ ಸಾಗುವ ವಿಧಾನ) ಒಂದೇ ಒಂದು ಆರ್‌ಸಿಎ ಜ್ಯಾಕ್ (ಹಳೆಯ ಟಿವಿಗಳಲ್ಲಿರುವಂಥ ದುಂಡು ಸಾಕೆಟ್) ಇರುವುದು, ಬೋರ್ಡಿನ ಮೇಲೆ ಲೈಟ್ ಪೆನ್ನಿನ (ಪರದೆಯನ್ನು ಮುಟ್ಟಿ ಸೂಚಿಸುವ ಪೆನ್ನು) 6 ಪಿನ್‌ಗಳ ಹೆಡರ್ (ತಂತಿ ಸಿಕ್ಕಿಸುವ ಪಿನ್‌ಗಳ ಸಾಲು) ಇರುವುದು ಸಿಜಿಎ ಕಡೆಗೆ ಬೆರಳು ತೋರಿಸುತ್ತವೆ. ಮಲ್ಟಿಮೀಟರ್ ಹಿಡಿದು ನೋಡಿದಾಗ 1 ಮತ್ತು 2ನೇ ಪಿನ್‌ಗಳು ಗ್ರೌಂಡಿಗೆ ಸೇರಿದ್ದು, ಕೆಂಪು, ಹಸಿರು, ನೀಲಿ ಸಂಕೇತಗಳ 3, 4, 5ನೇ ಪಿನ್‌ಗಳಿಂದ ಹೊರಟ ತಾಮ್ರದ ಗೆರೆಗಳು ಸಂಕೇತವನ್ನು ಬಲಪಡಿಸಿ ಹೊರಗೆ ಕಳಿಸುವ ಬಫರ್ ಚಿಪ್ಪಿನವರೆಗೆ ಸ್ಪಷ್ಟವಾಗಿ ಸಾಗಿರುವುದು ಈ ಊಹೆಯನ್ನು ಗಟ್ಟಿಗೊಳಿಸಿತು; ಎಂಡಿಎ ಆಗಿದ್ದರೆ ಈ ಮೂರು ಪಿನ್‌ಗಳು ಖಾಲಿಯಿದ್ದು, ಚಿತ್ರಸಂಕೇತ 7ನೇ ಪಿನ್ನಿನಲ್ಲಿ ಇರುತ್ತಿತ್ತು.

ಬೆಸುಗೆಯ ಕೆಲಸ ಮೆಚ್ಚುವಂತಿದೆ, ಜ್ಯಾಕ್ ಈಗಲೂ ಬಿಗಿಯಾಗಿದೆ. ಆದರೆ ಹೆಡರ್‌ಗಳ ಬಳಿ ಯಾವ ಬರಹವನ್ನೂ ಅಚ್ಚುಹಾಕದಿರುವುದು ನಿಜಕ್ಕೂ ದೊಡ್ಡ ಕೊರತೆ. ಏಕೆಂದರೆ ಕಾರ್ಡ್ ಯಾವುದೆಂದು ತಿಳಿಯದೆ, ಸುಮಾರು 18 ಕಿಲೋಹರ್ಟ್ಸ್ ವೇಗದಲ್ಲಿ ಅಡ್ಡಗೆರೆಗಳನ್ನು ಮೂಡಿಸುವ ಎಂಡಿಎ ಮಾನಿಟರಿಗೆ ಸಿಜಿಎಯ 15.7 ಕಿಲೋಹರ್ಟ್ಸ್ ಸಂಕೇತ ಕೊಟ್ಟರೆ ಮಾನಿಟರ್ ಸುಟ್ಟುಹೋಗುವ ಅಪಾಯವಿದೆ. ಪಿನ್‌ಗಳನ್ನು ಅಳೆದು ನೋಡುವ ತಾಳ್ಮೆಯುಳ್ಳವರು ಮಾತ್ರ ಇದನ್ನು ಕೊಳ್ಳಬಹುದು.