ನಿಮ್ಮ ಬೀದಿಗೆ ನೀವೇ ಹಂಪ್ ಹಾಕಿಸಬೇಡಿ

ಬಳ್ಳಾರಿಯ ಒಳಬೀದಿಗಳಲ್ಲಿ ಮನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಡಿಗಳು ಜೋರಾಗಿ ಓಡುತ್ತವೆ ಅಂತ ಮನೆಮನೆಯಿಂದ ದುಡ್ಡು ಎತ್ತಿ, ಮೇಸ್ತ್ರಿ ಕರೆಸಿ, ನೀವೇ ಸಿಮೆಂಟ್ ಹಂಪ್ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಮ್ಮ ಬೀದಿಯಲ್ಲಿ ಹಾಕಿಸಿದರು. ಅದರ ಮೇಲೆ ಬಿದ್ದವರು ನಮ್ಮ ಅತ್ತಿಗೆ.

ಜನರ ಸಿಟ್ಟು ಸುಳ್ಳಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಪಕ್ಕದ ದೊಡ್ಡ ರಸ್ತೆಯನ್ನು ಪೈಪ್ ಹಾಕಲು ಅಗೆದ ಮೇಲೆ ಊರಿನ ಗಾಡಿಗಳೆಲ್ಲ ನಮ್ಮ ಬೀದಿಯಲ್ಲೇ ನುಗ್ಗತೊಡಗಿದವು. ಜೀನ್ಸ್ ಬಂಡಲ್ ತುಂಬಿದ ಆಟೋಗಳು, ನೀರಿನ ಟ್ಯಾಂಕರ್, ಮರಳಿನ ಟ್ರ್ಯಾಕ್ಟರ್, ಒಂದೇ ಸ್ಕೂಟಿ ಮೇಲೆ ಮೂವರು ಟ್ಯೂಷನ್ ಹುಡುಗರು. ನಮ್ಮೂರ ಬೇಸಿಗೆ ಗೊತ್ತಲ್ವಾ, ಮಕ್ಕಳು ಆಡಲು ಹೊರಗೆ ಬರುವುದೇ ಬಿಸಿಲು ಇಳಿದ ಮೇಲೆ, ಗಾಡಿಗಳ ಓಡಾಟ ಜಾಸ್ತಿ ಆಗುವುದೂ ಅದೇ ಹೊತ್ತಿಗೆ. ಕಟ್ಟೆ ಮೇಲೆ ಕೂತ ಅಜ್ಜಿಯರು "ನಿಧಾನ ಹೋಗ್ರಪ್ಪ" ಅಂತ ಕೂಗಿ ಕೂಗಿ ಸಾಕಾದರು. ಒಂದು ಸಂಜೆ ಬೈಕೊಂದು ಚಿಕ್ಕ ಹುಡುಗನ ಕಾಲಿಗೆ ತಾಗಿ, ನಿಲ್ಲಿಸದೆ ಹೊರಟೇಹೋಯಿತು. ತರಚು ಗಾಯದಲ್ಲಿ ಮುಗಿಯಿತು, ಪುಣ್ಯ. ಅವತ್ತು ರಾತ್ರಿಯೇ ಹಿರಿಯರು ಸೇರಿ ಹಂಪ್ ಹಾಕುವುದು ಅಂತ ತೀರ್ಮಾನ ಮಾಡಿದರು.

ಅರ್ಜಿ ಕೊಡೋಣ ಅಂದೆ. "ಅರ್ಜಿ ಕೊಟ್ಟು ಕೂತ್ರೆ ಇನ್ನೊಂದು ಮಗು ಬೀಳುತ್ತೆ ರೀ. ಏನಾದ್ರೂ ಆದ್ರೆ ಎಲ್ಲರೂ ಸೇರಿ ನೋಡ್ಕೊಳ್ಳೋಣ ಬಿಡ್ರಿ" ಅಂದರು. ಯಾರದೋ ಮನೆ ಕೆಲಸದಲ್ಲಿ ಉಳಿದಿದ್ದ ಸಿಮೆಂಟು, ಜಲ್ಲಿ ಬಂತು. ಬೆಳಗಾಗುವುದರೊಳಗೆ ಹಂಪ್ ಎದ್ದಿತ್ತು. ಎತ್ತರ ಹತ್ತಿರ ಹತ್ತಿರ ಒಂದು ಗೇಣು, ಅಗಲ ಎರಡು ಅಡಿಯೂ ಇಲ್ಲ. ಬಣ್ಣ ಇಲ್ಲ, ಬೋರ್ಡ್ ಇಲ್ಲ.

ಸ್ಪೀಡ್ ಆದರೂ ಕಡಿಮೆ ಆಯಿತಾ? ಕಾರುಗಳದ್ದು ಆಯಿತು. ಬೈಕಿನವರು ಬೇರೆ ದಾರಿ ಕಂಡುಕೊಂಡರು. ಮಳೆ ನೀರು ಹೋಗಲಿ ಅಂತ ಚರಂಡಿ ಪಕ್ಕ ಎರಡೂ ಕಡೆ ಸ್ವಲ್ಪ ಜಾಗ ಬಿಟ್ಟಿದ್ದರು. ಹುಡುಗರು ಆ ಸಂದಿಯಲ್ಲೇ ಸ್ಪೀಡ್ ಇಳಿಸದೆ ನುಸುಳತೊಡಗಿದರು. ಅಂದರೆ ಮೊದಲು ರಸ್ತೆ ನಡುವೆ ಹೋಗುತ್ತಿದ್ದ ಬೈಕು ಈಗ ಮನೆ ಮೆಟ್ಟಿಲಿಗೆ ಒತ್ತಿಕೊಂಡು, ರಂಗೋಲಿ ಹಾಕುವವರ ಬೆನ್ನಿಗೆ ಗಾಳಿ ತಾಗುವಷ್ಟು ಹತ್ತಿರ ಬಂತು.

ನಮ್ಮ ಅಣ್ಣ ಅತ್ತಿಗೆ ಇರುವುದು ಕೌಲ್ ಬಜಾರ್ ಕಡೆ. ಹಂಪ್ ವಿಷಯ ಅವರಿಗೆ ಗೊತ್ತಿರಲಿಲ್ಲ. ಕರೆಂಟ್ ಹೋಗಿದ್ದ ರಾತ್ರಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಅತ್ತಿಗೆ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತಿದ್ದರು, ತೊಡೆ ಮೇಲೆ ಹಣ್ಣಿನ ಚೀಲ. ಅಣ್ಣ ಜೋರಾಗಿ ಬರುವವನಲ್ಲ, ಅವತ್ತೂ ಜೋರಾಗಿ ಬರಲಿಲ್ಲ. ಕಪ್ಪು ರಸ್ತೆಯಲ್ಲಿ ಧೂಳು ಹಿಡಿದ ಸಿಮೆಂಟ್ ದಿಬ್ಬ ಹೆಡ್‌ಲೈಟಿಗೆ ಕಂಡಾಗ ತೀರಾ ಹತ್ತಿರ ಬಂದಾಗಿತ್ತು. ಮುಂದಿನ ಚಕ್ರ ಎದ್ದು ಬಿತ್ತು, ಹಿಂದಿನ ಚಕ್ರ ಎಸೆಯಿತು, ಅತ್ತಿಗೆ ಹಿಂದಕ್ಕೆ ಬಿದ್ದರು. ಅಣ್ಣನಿಗೆ ಹೆಲ್ಮೆಟ್ ಇತ್ತು, ಅತ್ತಿಗೆಗೆ ಇರಲಿಲ್ಲ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ಕಾನೂನಿದೆ, ಆದರೆ ನಮ್ಮಲ್ಲಿ ಎಷ್ಟು ಮನೆಯಲ್ಲಿ ಎರಡನೇ ಹೆಲ್ಮೆಟ್ ಇದೆ ಹೇಳಿ. 108ಕ್ಕೆ ಫೋನ್ ಮಾಡಿದೆವು. ತಲೆಯ ಸ್ಕ್ಯಾನ್‌ನಲ್ಲಿ ದೊಡ್ಡದೇನೂ ಇರಲಿಲ್ಲ, ಆದರೆ ಬಲಗಡೆ ಕೊರಳೆಲುಬು ಮುರಿದಿತ್ತು. ಅವರು ಜೀನ್ಸ್ ಹೊಲಿಯುವವರು. ಪೀಸಿಗೆ ಇಷ್ಟು ಅಂತ ಕೂಲಿ. ಕೈ ಎತ್ತದಿದ್ದರೆ ಆ ದಿನದ ದುಡ್ಡಿಲ್ಲ.

ಆಮೇಲೆ ನಾನು ಹಂಪಿನ ಲೆಕ್ಕ ಹುಡುಕಿ ಓದಿದೆ. ದೇಶದ ರಸ್ತೆಗಳಿಗೆ ಅಳತೆ, ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ 1988ರಲ್ಲೇ ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಂದರೆ ನಾಲ್ಕು ಇಂಚು. ಗಾಡಿ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಸುಮಾರು ಹನ್ನೆರಡು ಅಡಿ. ಇದು ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಲಿ ಅಂತ ಮಾಡಿದ್ದು. ಮೇಲೆ ಕಪ್ಪು ಬಿಳಿ ಪಟ್ಟೆ ಇರಬೇಕು, 40 ಮೀಟರ್ ಮೊದಲೇ ಎಚ್ಚರಿಕೆಯ ಬೋರ್ಡ್ ಇರಬೇಕು. ಹನ್ನೆರಡು ಅಡಿ ಅಗಲದ ಹಂಪಿನಲ್ಲಿ ಇಡೀ ಬೈಕು ಮೇಲೆ ಹತ್ತಿ, ನಿಧಾನಕ್ಕೆ ಇಳಿಯುತ್ತದೆ. ಎರಡು ಅಡಿಯದರಲ್ಲಿ ಮುಂದಿನ ಚಕ್ರ ಇಳಿದು ಮುಗಿದ ಮೇಲೆ ಹಿಂದಿನದು ಎಗರುತ್ತದೆ, ಆ ಏಟು ಪೂರ್ತಿ ಬೀಳುವುದು ಹಿಂದಿನ ಚಕ್ರದ ಮೇಲೆ ಕೂತವರಿಗೆ. ನಮ್ಮಲ್ಲಿ ಹಿಂದೆ ಕೂರುವವರು ಯಾರು? ಹೆಂಗಸರು, ವಯಸ್ಸಾದವರು, ಮಗು ಎತ್ತಿಕೊಂಡ ತಾಯಂದಿರು. ಜೋರಾಗಿ ಓಡಿಸಿದ ಹುಡುಗನಿಗೆ ಏನೂ ಆಗುವುದಿಲ್ಲ.

ಎಲ್ಲಕ್ಕಿಂತ ಬೇಜಾರಾಗಿದ್ದು ಮರುದಿನ. ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಯಿತು, ಅವರು ಜಾಗ ನೋಡಲು ಬರುವಷ್ಟರಲ್ಲಿ ಹಂಪ್ ಇರಲೇ ಇಲ್ಲ! ರಾತ್ರೋರಾತ್ರಿ ಒಡೆದು ಹಾಕಿದ್ದರು. ಯಾರು ಹಾಕಿದ್ದು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಎಲ್ಲರೂ ಸೇರಿ ನೋಡ್ಕೊಳ್ಳೋಣ ಅಂದವರು ಬಾಗಿಲು ಹಾಕಿಕೊಂಡರು. ಅವರೇನು ಕೆಟ್ಟವರಲ್ಲ, ನಮ್ಮ ಮನೆ ಕಷ್ಟಕ್ಕೆ ಬಂದು ನಿಂತವರೇ, ಕೇಸು ಅಂದ ಕೂಡಲೇ ಹೆದರಿದರು. ಆದರೆ ಅನುಮತಿ ಇಲ್ಲದೆ ರಸ್ತೆ ಮೇಲೆ ಏನನ್ನೂ ಕಟ್ಟುವ ಹಾಗಿಲ್ಲ. ಸಾರ್ವಜನಿಕ ದಾರಿಯಲ್ಲಿ ಜನರಿಗೆ ಅಪಾಯ ಆಗುವಂಥದ್ದು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂಪಾಯಿವರೆಗೆ ದಂಡ ಇದೆ. ಯಾರಾದರೂ ಸತ್ತರೆ ದಂಡದಲ್ಲಿ ಮುಗಿಯುವುದೂ ಇಲ್ಲ. ಇಂಥದ್ದೇನಾದರೂ ಆದರೆ ಗಾಯಾಳುವನ್ನು ಕಳಿಸಿದ ಕೂಡಲೇ ಜಾಗದ ಫೋಟೋ ತೆಗೆದಿಡಿ, ಟೇಪ್ ಹಿಡಿದು ಅಳತೆ ಬರೆದಿಡಿ. ನಮ್ಮ ಹತ್ತಿರ ಇದ್ದದ್ದು ಹಂಪ್ ಹಾಕಿದ ದಿನ ಯಾರೋ ಖುಷಿಯಿಂದ ವಾಟ್ಸಾಪ್‌ಗೆ ಹಾಕಿದ್ದ ಒಂದು ಫೋಟೋ ಮಾತ್ರ.

ಹಾಗಾದರೆ ಏನು ಮಾಡಬೇಕು? ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬೀದಿಯವರೆಲ್ಲ ಸಹಿ ಮಾಡಿದ ಅರ್ಜಿ ಬರೆದು, ಎಲ್ಲಿ ಶಾಲೆ, ಎಲ್ಲಿ ತಿರುವು ಅಂತ ಕೈಯಲ್ಲೇ ನಕ್ಷೆ ಗೀಚಿ, ಪಾಲಿಕೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಂದು ಪ್ರತಿ ಸಂಚಾರ ಠಾಣೆಗೆ, ಇನ್ನೊಂದು ಜಿಲ್ಲಾಧಿಕಾರಿ ಕಚೇರಿಗೆ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅಂತ ಒಂದಿದೆ, ಅದರ ಹೆಸರಿಗೆ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಹಂಪ್ ಜೊತೆಗೆ ವೇಗಮಿತಿಯ ಬೋರ್ಡನ್ನೂ ಕೇಳಿ. ಯಾಕೆಂದರೆ 2018ರ ಕೇಂದ್ರದ ಅಧಿಸೂಚನೆ ಪ್ರಕಾರ ಊರೊಳಗಿನ ರಸ್ತೆಯಲ್ಲಿ ಬೈಕಿಗೆ ಗರಿಷ್ಠ ಮಿತಿ 60 ಕಿ.ಮೀ. ನಮ್ಮಂಥ ಬೀದಿಯಲ್ಲಿ 60! ಅದನ್ನು ಇಳಿಸುವ ಅಧಿಕಾರ ಸರ್ಕಾರಕ್ಕೆ ಇದೆ, ಆದರೆ ಯಾರಾದರೂ ಕೇಳಬೇಕು.

ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಇದೂ ಗೊತ್ತಿರಲಿ. 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಸಿಗುವುದಿಲ್ಲ. ನಮ್ಮ ಬೀದಿಯಲ್ಲಿ ಜೋರಾಗಿ ಓಡಿಸುವವರಲ್ಲಿ ಅರ್ಧ ಜನ ನಮ್ಮ ಬೀದಿಯ ಮಕ್ಕಳೇ. ಅವರ ಕೈಯಿಂದ ಕೀ ಕಿತ್ತುಕೊಳ್ಳಲು ಸಿಮೆಂಟ್ ಬೇಕಿಲ್ಲ.

ನಾವು ಅರ್ಜಿ ಕೊಟ್ಟಿದ್ದೇವೆ, ಅಳತೆ ಮಾಡಲು ಬರುತ್ತೇವೆ ಅಂದಿದ್ದಾರೆ. ನಿಮ್ಮ ಬೀದಿಯಲ್ಲಿ ಈಗಾಗಲೇ ಇಂಥ ಹಂಪ್ ಇದ್ದರೆ ತೆಗೆಸಲು ಇವತ್ತೇ ಬರೆದುಕೊಡಿ. ತೆಗೆಯುವ ತನಕ ಅದರ ಮೇಲೆ ಬಿಳಿ ಬಣ್ಣ ದಪ್ಪಗೆ ಬಳಿಯಿರಿ, ಪಕ್ಕದ ಮನೆಯವರು ಕತ್ತಲಾದ ಮೇಲೆ ಹೊರಗಿನ ಲೈಟ್ ಹಾಕಿಡಿ. ಒಡೆದ ಮೇಲೆ ಜಲ್ಲಿ ಗುಡಿಸುವುದನ್ನು ಮರೆಯಬೇಡಿ, ನಮ್ಮಲ್ಲಿ ಅದರ ಮೇಲೂ ಒಬ್ಬರು ಜಾರಿ ಬಿದ್ದರು.